ಕಾರವಾರದಲ್ಲಿ ಬ್ಯಾಂಕಿಗೆ ಬಹುಮಹಡಿ ಕೇಂದ್ರ ಕಚೇರಿ: ಜಾಗ ಹುಡುಕುವುದರಿಂದ ಬೀಗದ ಕೈ ಪಡೆಯುವ ತನಕ

ಬ್ಯಾಂಕಿಗೆ ಸ್ವಂತ ಕೇಂದ್ರ ಕಚೇರಿ ಬೇಕು ಎಂದು ಆಡಳಿತ ಮಂಡಳಿ ಠರಾವು ಮಾಡಿದ ಕೂಡಲೇ ಮೇಜಿನ ಮೇಲೆ ಒಂದು ಚಿತ್ರ ಬಂದು ಕೂರುತ್ತದೆ. ನೀಲಿ ಗಾಜಿನ ಎತ್ತರದ ಕಟ್ಟಡ, ಮುಂದೆ ಹುಲ್ಲುಹಾಸು, ಮೇಲೆ ಬ್ಯಾಂಕಿನ ಹೆಸರು. ಎಲ್ಲರಿಗೂ ಇಷ್ಟವಾಗುತ್ತದೆ. ಮುಂದಿನ ಚರ್ಚೆಯೆಲ್ಲ ಆ ಚಿತ್ರದ ಸುತ್ತಲೇ ನಡೆಯುತ್ತದೆ.

ದಯವಿಟ್ಟು ಆ ಚಿತ್ರವನ್ನು ಸದ್ಯಕ್ಕೆ ಕಪಾಟಿನಲ್ಲಿಡಿ. ಕಾರವಾರದಿಂದ ಭಟ್ಕಳದವರೆಗಿನ ಕರಾವಳಿಯಲ್ಲಿ ಕಟ್ಟಡ ಎಷ್ಟು ವರ್ಷ ಬಾಳುತ್ತದೆ ಎಂದು ತೀರ್ಮಾನ ಮಾಡುವುದು ಮೂರೇ ಸಂಗತಿ: ಉಪ್ಪುಗಾಳಿ, ಮಳೆ, ನೆಲದ ಕೆಳಗಿನ ನೀರು. ಕಣ್ಣಿಗೆ ಕಾಣದ ಕಡೆ ದುಡ್ಡು ಹಾಕಿ, ಕಾಣುವ ಕಡೆ ಕೈ ಬಿಗಿ ಹಿಡಿಯಿರಿ. ಸಹಕಾರಿ ಬ್ಯಾಂಕುಗಳ ನಿರ್ದೇಶಕರು, ಕಟ್ಟಡ ಸಮಿತಿಯವರು ಮತ್ತು ಅವರ ಜೊತೆ ಕೆಲಸ ಮಾಡುವ ಯುವ ಎಂಜಿನಿಯರುಗಳಿಗೆ ನಾನು ಹೇಳಬೇಕಾದ್ದು ಮುಖ್ಯವಾಗಿ ಇಷ್ಟೇ. ಹೇಗೆ ಎಂಬುದನ್ನು ಹಂತ ಹಂತವಾಗಿ ನೋಡೋಣ.

ಹಂತ 1: ಎಷ್ಟು ಎತ್ತರ ಬೇಕು ಎಂದು ಲೆಕ್ಕ ಹಾಕಿ

ಮೊದಲು ಒಂದು ಬಿಳಿ ಹಾಳೆಯಲ್ಲಿ ಯಾರು ಎಲ್ಲಿ ಕೂರುತ್ತಾರೆ ಎಂದು ಬರೆಯಿರಿ. ಕೆಳಗೆ ಶಾಖೆಯ ಹಾಲ್, ಲಾಕರ್, ಭದ್ರತಾ ಕೊಠಡಿ. ಮೇಲೆ ಸಾಲ ವಿಭಾಗ, ವಸೂಲಿ, ಲೆಕ್ಕಪತ್ರ, ಆಡಿಟ್, ಐಟಿ, ತರಬೇತಿ ಕೊಠಡಿ, ಆಡಳಿತ ಮಂಡಳಿಯ ಸಭಾಂಗಣ, ದಾಖಲೆ ಕೊಠಡಿ. ಈಗಿರುವ ಸಿಬ್ಬಂದಿ ಎಷ್ಟು, ಹದಿನೈದು ವರ್ಷದ ನಂತರ ಎಷ್ಟಾಗಬಹುದು ಎಂದು ಅಂದಾಜು ಮಾಡಿ. ರಾಷ್ಟ್ರೀಯ ಕಟ್ಟಡ ಸಂಹಿತೆ ಕಚೇರಿಗಳಿಗೆ ತಲಾ 10 ಚದರ ಮೀಟರ್ ಎಂಬ ಲೆಕ್ಕ ಇಟ್ಟಿದೆ. ಅದು ಬೆಂಕಿ ಬಿದ್ದಾಗ ಎಷ್ಟು ಜನ ಹೊರಬರಬೇಕು ಎಂದು ಎಣಿಸುವ ಸಲುವಾಗಿ ಇಟ್ಟದ್ದು. ಆದರೂ ಮೊದಲ ಅಂದಾಜಿಗೆ ಸಾಕು.

ಈ ಲೆಕ್ಕ ಮುಗಿದಾಗ ತುಂಬಾ ಬ್ಯಾಂಕುಗಳಿಗೆ ಹತ್ತು ಮಹಡಿ ಬೇಕಾಗಿಯೇ ಇಲ್ಲ ಎಂದು ಗೊತ್ತಾಗುತ್ತದೆ. ಎತ್ತರ ಹೆಚ್ಚಾದಂತೆ ನಿಯಮಗಳೂ ಮೆಟ್ಟಿಲು ಮೆಟ್ಟಿಲಾಗಿ ಏರುತ್ತವೆ. 2016ರ ರಾಷ್ಟ್ರೀಯ ಕಟ್ಟಡ ಸಂಹಿತೆಯ ಪ್ರಕಾರ 15 ಮೀಟರ್ ಮುಟ್ಟಿದ ಕಟ್ಟಡ ಬಹುಮಹಡಿ ಕಟ್ಟಡ. ಕಚೇರಿಯ ಒಂದು ಮಹಡಿಗೆ 3.6ರಿಂದ 4 ಮೀಟರ್ ಹಿಡಿದರೆ ನೆಲ ಅಂತಸ್ತಿನ ಮೇಲೆ ಮೂರು ಮಹಡಿ ಬರುವಷ್ಟರಲ್ಲಿ ಆ ಗೆರೆ ಹತ್ತಿರ ಬಂದಿರುತ್ತದೆ. ರಾಜ್ಯದ ಅಗ್ನಿಶಾಮಕ ಇಲಾಖೆ ಯಾವ ಎತ್ತರದಿಂದ ಯಾವ ಷರತ್ತು ಹಾಕುತ್ತದೆ ಎಂಬುದನ್ನು ಅರ್ಜಿಗೆ ಮೊದಲೇ ಲಿಖಿತವಾಗಿ ಕೇಳಿಕೊಳ್ಳಿ. 24 ಮೀಟರ್ ದಾಟಿದರೆ ಆಶ್ರಯ ತಾಣ, ಅಂದರೆ ಬೆಂಕಿಯ ಸಮಯದಲ್ಲಿ ಜನ ನಿಂತು ಕಾಯಲು ಹೊರಗಾಳಿಗೆ ತೆರೆದ ಜಾಗ ಬೇಕು. ಒಟ್ಟು ನಿರ್ಮಾಣ 20,000 ಚದರ ಮೀಟರ್ ಮುಟ್ಟಿದರೆ 2006ರ ಅಧಿಸೂಚನೆಯಂತೆ ಪರಿಸರ ಅನುಮತಿಯೂ ಬೇಕು. ನೆಲ ಅಂತಸ್ತಿನ ಮೇಲೆ ಐದರಿಂದ ಏಳು ಮಹಡಿ ಇದ್ದರೆ ನಮ್ಮ ಕಡೆಯ ಬ್ಯಾಂಕಿಗೆ ಧಾರಾಳ ಎಂಬುದು ನನ್ನ ಅಭಿಪ್ರಾಯ.

"ಮೇಲಿನ ಎರಡು ಮಹಡಿ ಬಾಡಿಗೆಗೆ ಕೊಟ್ಟರೆ ಸಾಲದ ಕಂತು ತೀರುತ್ತದೆ" ಎಂದು ಯಾರಾದರೂ ಹೇಳಿಯೇ ಹೇಳುತ್ತಾರೆ. ಅವಸರ ಬೇಡ. ಬ್ಯಾಂಕಿಂಗ್ ನಿಯಂತ್ರಣ ಕಾಯ್ದೆಯ 9ನೇ ಕಲಂ ಪ್ರಕಾರ ಸ್ವಂತ ಬಳಕೆಗೆ ಬೇಕಾಗದ ಸ್ಥಿರಾಸ್ತಿಯನ್ನು ಬ್ಯಾಂಕು ಏಳು ವರ್ಷಕ್ಕಿಂತ ಹೆಚ್ಚು ಕಾಲ ಇಟ್ಟುಕೊಳ್ಳುವಂತಿಲ್ಲ. ಬಾಡಿಗೆ ಮಹಡಿಯ ಯೋಚನೆ ಇದ್ದರೆ ಲೆಕ್ಕಪರಿಶೋಧಕರು ಮತ್ತು ರಿಸರ್ವ್ ಬ್ಯಾಂಕಿನ ಮುಂದೆ ಅದನ್ನು ಮೊದಲೇ ಇಡಿ. ಕಟ್ಟಿದ ಮೇಲೆ ಕೇಳುವ ಪ್ರಶ್ನೆ ಅಲ್ಲ ಅದು.

ಹಂತ 2: ಜಾಗ

ಕಾರವಾರದಲ್ಲಿ ಜಾಗವೇ ಕಷ್ಟ. ಒಂದು ಕಡೆ ಸಮುದ್ರ, ಇನ್ನೊಂದು ಕಡೆ ಗುಡ್ಡ, ಉತ್ತರಕ್ಕೆ ಕಾಳಿ ನದಿ, ದಕ್ಷಿಣಕ್ಕೆ ಬಿಣಗಾ, ಅರಗಾದ ಕಡೆ ನೌಕಾನೆಲೆ. ನಡುವೆ ಉಳಿದ ಪಟ್ಟಿಯಲ್ಲಿ ಊರು, ಹೆದ್ದಾರಿ, ಎಲ್ಲ. ಆದ್ದರಿಂದ ಒಳ್ಳೆ ಬೆಲೆಗೆ ಸಿಕ್ಕಿತು ಎಂದು ಮುಂಗಡ ಕೊಡುವ ಮೊದಲು ನಾಲ್ಕು ವಿಚಾರ ನೋಡಿ.

ಮೊದಲನೆಯದು ಸಿಆರ್‌ಝಡ್. 2019ರ ಅಧಿಸೂಚನೆಯ ಪ್ರಕಾರ ಸಮುದ್ರದ ಉಬ್ಬರದ ಗೆರೆಯಿಂದ 500 ಮೀಟರ್‌ವರೆಗೆ ಕರಾವಳಿ ನಿಯಂತ್ರಣ ವಲಯ. ಕಾಳಿಯಂಥ ಉಬ್ಬರ ಇಳಿತದ ನದಿಗೆ ದಡದಿಂದ 50 ಮೀಟರ್ ಅಥವಾ ನದಿಯ ಅಗಲ, ಇದರಲ್ಲಿ ಯಾವುದು ಕಡಿಮೆಯೋ ಅದು. ಈಗಾಗಲೇ ಬೆಳೆದ ಪಟ್ಟಣ ಪ್ರದೇಶ ಎರಡನೇ ವರ್ಗಕ್ಕೆ ಬರುತ್ತದೆ. ಅಲ್ಲಿ ಇರುವ ಅಧಿಕೃತ ರಸ್ತೆ ಅಥವಾ ಅಧಿಕೃತ ಕಟ್ಟಡದ ಒಳಬದಿಗೆ, ಅಂದರೆ ಊರಿನ ಬದಿಗೆ ಮಾತ್ರ ಹೊಸ ಕಟ್ಟಡಕ್ಕೆ ಅವಕಾಶ. ಸರ್ವೆ ನಂಬರನ್ನು ಕರಾವಳಿ ವಲಯ ನಿರ್ವಹಣಾ ನಕ್ಷೆಯ ಮೇಲೆ ಗುರುತಿಸಿ ಕೊಡಲು ಹೇಳಿ. ಬಾಯಿಮಾತಿನ "ಏನೂ ತೊಂದರೆ ಇಲ್ಲ" ಸಾಲದು.

ಎರಡನೆಯದು ಎತ್ತರದ ಅನುಮತಿ. ರಕ್ಷಣಾ ನೆಲೆ ಹತ್ತಿರ ಇರುವುದರಿಂದ ಆ ಕಡೆಯ ನಿರಾಕ್ಷೇಪಣಾ ಪತ್ರ ಬೇಕೇ ಎಂದು ಆರಂಭದಲ್ಲೇ ವಿಚಾರಿಸಿ. ಅಂಕೋಲಾದ ಅಲಗೇರಿಯಲ್ಲಿ ವಿಮಾನ ನಿಲ್ದಾಣದ ಯೋಜನೆ ಇರುವುದರಿಂದ ವಿಮಾನಯಾನದ ಎತ್ತರ ಮಿತಿಯನ್ನೂ ನೋಡಿಕೊಳ್ಳಬೇಕು.

ಮೂರನೆಯದು ಗುಡ್ಡ. 2024ರ ಜುಲೈ 16ರಂದು ಅಂಕೋಲಾ ತಾಲೂಕಿನ ಶಿರೂರಿನಲ್ಲಿ ಹೆದ್ದಾರಿ 66ರ ಪಕ್ಕದ ಗುಡ್ಡ ಜಾರಿ ಜೀವಗಳು ಹೋದವು. ನಮ್ಮ ಜಿಲ್ಲೆಯವರು ಯಾರೂ ಅದನ್ನು ಮರೆತಿಲ್ಲ. ಗುಡ್ಡದ ಬುಡವನ್ನು ನೇರವಾಗಿ ಕಡಿದು ಸಮತಟ್ಟು ಮಾಡಿದ ಜಾಗ ಎಷ್ಟೇ ಚೆನ್ನಾಗಿ ಕಂಡರೂ ಹಿಂದಿನ ಇಳಿಜಾರಿನ ಸ್ಥಿರತೆಯ ವರದಿ ಇಲ್ಲದೆ ತೆಗೆದುಕೊಳ್ಳಬೇಡಿ. ಮೇಲೆ ಗಟ್ಟಿ ಚಿರೇಕಲ್ಲು (ಜಂಬಿಟ್ಟಿಗೆ), ಅದರ ಕೆಳಗೆ ಶೇಡಿ ಎಂಬ ನುಣುಪು ಜೇಡಿ ಮಣ್ಣು: ಕರಾವಳಿಯ ಗುಡ್ಡಗಳ ಸಾಮಾನ್ಯ ರಚನೆ ಇದು. ಶೇಡಿ ಒಣಗಿದ್ದಾಗ ಗಟ್ಟಿ. ನೀರು ಕುಡಿದರೆ ಕೈಯಲ್ಲಿ ಹಿಸುಕಿದರೂ ಜಾರುತ್ತದೆ.

ನಾಲ್ಕನೆಯದು ಗಜನಿ, ಅಂದರೆ ಉಬ್ಬರದ ಉಪ್ಪು ನೀರು ಬರುವ ತಗ್ಗು ಗದ್ದೆ. ಹೊಳೆಯ ಅಳಿವೆಯ ಹತ್ತಿರ ಹಳೆಯ ಗಜನಿ ಗದ್ದೆಗೆ ಮಣ್ಣು ತುಂಬಿಸಿ ಪ್ಲಾಟು ಮಾಡಿರುವ ಜಾಗಗಳಿವೆ. ಅಲ್ಲಿ ಕೆಳಗೆ ಮೆತ್ತನೆ ಕೆಸರು, ಉಪ್ಪು ನೀರು. ಮಳೆಗಾಲದಲ್ಲಿ ಉಬ್ಬರದ ಹೊತ್ತಿಗೆ ನೀರು ಹೋಗಲು ದಾರಿಯಿಲ್ಲ. ಅಕ್ಕಪಕ್ಕದ ಹಿರಿಯರನ್ನು ಕೇಳಿ: ದೊಡ್ಡ ಮಳೆಯಲ್ಲಿ ನೀರು ಎಲ್ಲಿಯವರೆಗೆ ಬಂದಿತ್ತು? ಹಳೆ ಮನೆಯ ಗೋಡೆಯ ಮೇಲೆ ತೋರಿಸುತ್ತಾರೆ. ಆ ಗುರುತಿನಿಂದ ಮೇಲೆ ನಿಮ್ಮ ನೆಲಮಟ್ಟ ಇರಬೇಕು.

ಬ್ಯಾಂಕಿನ ಶಾಖೆಗಳು ಹೆಚ್ಚಾಗಿ ಘಟ್ಟದ ಮೇಲೇ ಇದ್ದರೆ ಶಿರಸಿಯ ಬಗ್ಗೆಯೂ ಯೋಚಿಸಿ. ಅಡಿಕೆ ವ್ಯವಹಾರದ ಊರು, ಸಹಕಾರಿ ಸಂಘಗಳ ದೊಡ್ಡ ಪರಂಪರೆ ಇರುವ ಊರು. ಅಲ್ಲಿ ಉಪ್ಪುಗಾಳಿಯ ಕಾಟ ಇಲ್ಲ. ಮಳೆ, ಚಿರೇಕಲ್ಲು, ಇಳಿಜಾರಿನ ಪ್ರಶ್ನೆಗಳು ಮಾತ್ರ ಹಾಗೇ ಉಳಿಯುತ್ತವೆ.

ಹಂತ 3: ಮಣ್ಣು ಮತ್ತು ನೀರಿನ ಪರೀಕ್ಷೆ

ಪಕ್ಕದ ಕಟ್ಟಡದವರು ಹೇಗೆ ಅಡಿಪಾಯ ಹಾಕಿದರು ಎಂದು ಕೇಳಿ ಅದನ್ನೇ ಹಾಕುವ ಅಭ್ಯಾಸ ಇದೆ. ಎರಡು ಮಹಡಿಯ ಮನೆಗೆ ನಡೆದೀತು. ಇಲ್ಲಿ ನಡೆಯುವುದಿಲ್ಲ. ಕಟ್ಟಡದ ನಾಲ್ಕು ಮೂಲೆ ಮತ್ತು ನಡುವೆ ಬೋರ್ ತೆಗೆಸಿ, ಬಂಡೆ ಅಥವಾ ಗಟ್ಟಿ ಪದರ ಸಿಗುವವರೆಗೆ ಹೋಗಿ. ಪ್ರತಿ ಒಂದೂವರೆ ಮೀಟರಿಗೆ ಪ್ರಮಾಣಿತ ಭೇದನ ಪರೀಕ್ಷೆಯ, ಅಂದರೆ ಮಣ್ಣು ಎಷ್ಟು ಗಟ್ಟಿ ಎಂದು ಕೊಳವೆ ಬಡಿದು ನೋಡುವ ಪರೀಕ್ಷೆಯ ಅಂಕಿ ಬರೆಸಿ.

ವರದಿಯಲ್ಲಿ ಮೂರು ಉತ್ತರ ಹುಡುಕಿ. ಮೊದಲನೆಯದು ಭೂಕಂಪ. ಭೂಕಂಪದ ನಕ್ಷೆಯಲ್ಲಿ (ಐಎಸ್ 1893 ಎಂಬ ಭಾರತೀಯ ಮಾನದಂಡ, 2016ರ ಆವೃತ್ತಿ) ಕಾರವಾರ 3ನೇ ವಲಯದಲ್ಲಿದೆ. ಸಮುದ್ರದ ಬದಿಯ ಸಡಿಲ ಮರಳು ನೀರಿನಲ್ಲಿ ನೆನೆದಿದ್ದರೆ ನೆಲ ನಡುಗಿದಾಗ ಅದು ಗಂಜಿಯಂತೆ ಆಗಬಹುದೇ? ಎರಡನೆಯದು, ಮಳೆಗಾಲದಲ್ಲಿ ನೀರಿನ ಮಟ್ಟ ಎಷ್ಟು ಮೇಲೆ ಬರುತ್ತದೆ? ಇದಕ್ಕೆ ಒಂದು ಬೋರಿನಲ್ಲಿ ಕೊಳವೆ ಬಿಟ್ಟು ಜುಲೈ, ಆಗಸ್ಟ್‌ನಲ್ಲಿ ಅಳತೆ ತೆಗೆಯಬೇಕು. ಬೇಸಿಗೆಯ ಅಂಕಿ ನಂಬಬೇಡಿ. ಮೂರನೆಯದು, ಮಣ್ಣು ಮತ್ತು ಅಂತರ್ಜಲದಲ್ಲಿ ಕ್ಲೋರೈಡ್, ಸಲ್ಫೇಟ್ ಎಷ್ಟಿದೆ?

ನೀರಿನ ವಿಷಯದಲ್ಲಿ ಇದಕ್ಕೆ ತಿರುಗುಮುರುಗು. ಕಾಂಕ್ರೀಟಿಗೆ ಬಳಸುವ ಬಾವಿಯ ನೀರನ್ನು ಏಪ್ರಿಲ್, ಮೇ ತಿಂಗಳಲ್ಲಿ ಪರೀಕ್ಷೆ ಮಾಡಿಸಿ. ಜುಲೈನಲ್ಲಿ ಸಿಹಿಯಾಗಿದ್ದ ಬಾವಿ ಬೇಸಿಗೆಯ ಕೊನೆಗೆ ಸವಳಾಗುವುದು ಕಡಲತೀರದ ಎಲ್ಲರಿಗೂ ಗೊತ್ತು. ಸರಳು ಹಾಕಿದ ಕಾಂಕ್ರೀಟಿಗೆ ಬಳಸುವ ನೀರಿನಲ್ಲಿ ಲೀಟರಿಗೆ 500 ಮಿಲಿಗ್ರಾಂಗಿಂತ ಹೆಚ್ಚು ಕ್ಲೋರೈಡ್ ಇರಬಾರದು ಎಂದು ಐಎಸ್ 456 ಹೇಳುತ್ತದೆ. ಮಳೆಗಾಲದ ವರದಿ ತೋರಿಸಿ ಬೇಸಿಗೆಯ ನೀರು ಬಳಸಿದರೆ ಉಪ್ಪನ್ನು ನಾವೇ ಕೈಯಾರೆ ಒಳಗೆ ಹಾಕಿದ ಹಾಗೆ.

ಹಂತ 4: ತಂಡ

ವಾಸ್ತುಶಿಲ್ಪಿ, ಸ್ಟ್ರಕ್ಚರಲ್ ಎಂಜಿನಿಯರ್, ವಿದ್ಯುತ್ ಮತ್ತು ಹವಾನಿಯಂತ್ರಣದ ಸಲಹೆಗಾರರು, ಅಗ್ನಿ ಸುರಕ್ಷತೆಯವರು. ಇವರೆಲ್ಲ ವಿನ್ಯಾಸದ ಮೊದಲ ದಿನದಿಂದ ಒಂದೇ ಮೇಜಿನಲ್ಲಿ ಕೂರಬೇಕು. ಸ್ಟ್ರಕ್ಚರಲ್ ವಿನ್ಯಾಸವನ್ನು ಸಂಬಂಧವಿಲ್ಲದ ಇನ್ನೊಬ್ಬರಿಂದ, ಯಾವುದಾದರೂ ಎಂಜಿನಿಯರಿಂಗ್ ಕಾಲೇಜಿನ ಪ್ರಾಧ್ಯಾಪಕರಿಂದಲಾದರೂ, ಪರಿಶೀಲನೆ ಮಾಡಿಸಿ. ಗುತ್ತಿಗೆದಾರರ ಸಂಬಳದಲ್ಲಿ ಇಲ್ಲದ ಒಬ್ಬ ಸೈಟ್ ಎಂಜಿನಿಯರ್ ಬ್ಯಾಂಕಿನ ಕಡೆಯಿಂದ ಪೂರ್ತಿ ಸಮಯ ಇರಲಿ. ಇದಕ್ಕೆ ತಗಲುವ ದುಡ್ಡು ಉಳಿತಾಯದ ಲೆಕ್ಕವೇ.

ಹಂತ 5: ವಿನ್ಯಾಸ

ನೆಲಮಾಳಿಗೆ ಬೇಡ. ಕಾರವಾರದ ತಗ್ಗು ಭಾಗದಲ್ಲಿ ನೆಲಮಾಳಿಗೆ ತೋಡುವುದೆಂದರೆ ನೀರಿನ ಮಟ್ಟಕ್ಕಿಂತ ಕೆಳಗೆ ಹೋಗುವುದು. ತೋಡುವಾಗ ತಿಂಗಳುಗಟ್ಟಲೆ ಪಂಪ್ ಹಾಕಬೇಕು. ಅಕ್ಕಪಕ್ಕದವರ ಬಾವಿಗೆ ಉಪ್ಪು ನೀರು ಎಳೆದು ತರುವ ಅಪಾಯ ಇದೆ. ಕಟ್ಟಿದ ಮೇಲೂ ಕೆಳಗಿನ ನೀರು ತಳವನ್ನು ಮೇಲಕ್ಕೆ ಒತ್ತುತ್ತಲೇ ಇರುತ್ತದೆ. ವಾಹನಗಳನ್ನು ನೆಲಮಟ್ಟದಲ್ಲೇ ನಿಲ್ಲಿಸಿ. ಕಂಬಗಳ ಮೇಲೆ ಕಟ್ಟಡ ಎತ್ತಿ ಕೆಳಗೆ ಪಾರ್ಕಿಂಗ್ ಮಾಡುವುದಾದರೆ ಆ ಅಂತಸ್ತು ಮೇಲಿನವುಗಳಿಗಿಂತ ದುರ್ಬಲ ಆಗದಂತೆ ಗೋಡೆಗಳು ಬೇಕು. ಭೂಕಂಪದಲ್ಲಿ ಮೊದಲು ಮುರಿಯುವುದು ಅಂಥ ಖಾಲಿ ಅಂತಸ್ತು. 3ನೇ ವಲಯವಾದ್ದರಿಂದ ಐಎಸ್ 13920 ಪ್ರಕಾರ ಸರಳುಗಳ ಜೋಡಣೆ ಕಡ್ಡಾಯ. ಗಾಳಿಯ ಲೆಕ್ಕಕ್ಕೆ ನಮ್ಮ ಕರಾವಳಿಯಲ್ಲಿ ಮೂಲ ವೇಗ ಸೆಕೆಂಡಿಗೆ 39 ಮೀಟರ್, ಅಂದರೆ ಗಂಟೆಗೆ ಸುಮಾರು 140 ಕಿ.ಮೀ. 2021ರ ಮೇ ತಿಂಗಳಲ್ಲಿ ತೌಕ್ತೆ ಚಂಡಮಾರುತ ಬಂದಾಗ ಈ ತೀರ ಕಂಡದ್ದು ಎಲ್ಲರಿಗೂ ನೆನಪಿದೆ.

ಭದ್ರತಾ ಕೊಠಡಿ ಮತ್ತು ಲಾಕರ್ ನೆಲ ಅಂತಸ್ತಿನಲ್ಲೇ ಇರಲಿ, ನೆರೆಯ ಗುರುತಿಗಿಂತ ಎತ್ತರದಲ್ಲಿ. ಹೊರಗೋಡೆಗೆ ತಾಗದಂತೆ, ಸುತ್ತ ಓಡಾಡಿ ನೋಡಲು ಕಿರಿದಾದ ದಾರಿ ಬಿಟ್ಟು ಒಳಭಾಗದಲ್ಲಿಡಿ. ನಕ್ಷೆ ಬಂದಾಗ ಮೇಲಿನ ಎಲ್ಲ ಮಹಡಿಗಳ ನಕ್ಷೆಯನ್ನು ಅದರ ಮೇಲೆ ಇಟ್ಟು ನೋಡಿ. ಭದ್ರತಾ ಕೊಠಡಿಯ ನೇರ ಮೇಲೆ ಎಲ್ಲೂ ಶೌಚಾಲಯ, ಪ್ಯಾಂಟ್ರಿ, ಎಸಿಯ ನೀರಿನ ಕೊಳವೆ ಬರಬಾರದು. ಕಬ್ಬಿಣದ ಬಾಗಿಲು ತುಂಬಾ ಭಾರ. ಅದನ್ನು ಯಾವ ದಾರಿಯಲ್ಲಿ ತರುವುದು, ಯಾವಾಗ ಕೂರಿಸುವುದು ಎಂದು ಗೋಡೆ ಏಳುವ ಮೊದಲೇ ನಿರ್ಧರಿಸಿ. ಐಎಸ್ 875ರಲ್ಲಿ ಬ್ಯಾಂಕಿನ ಹಾಲ್‌ಗೆ ಚದರ ಮೀಟರಿಗೆ 3 ಕಿಲೋನ್ಯೂಟನ್ (ಸುಮಾರು 300 ಕಿಲೋ) ಭಾರ ಹಿಡಿದರೆ, ಭದ್ರತಾ ಕೊಠಡಿಗೆ ಲೆಕ್ಕ ಹಾಕಿ, ಕನಿಷ್ಠ 5 ಹಿಡಿಯಬೇಕು. ದಾಖಲೆ ಕೊಠಡಿಗೂ 5. ಕಡತದ ಕಪಾಟುಗಳು ಎಷ್ಟು ಭಾರ ಎಂಬುದು ಸ್ಥಳಾಂತರ ಮಾಡಿದವರಿಗೆ ಚೆನ್ನಾಗಿ ಗೊತ್ತು.

ಲಾಕರ್ ವಿಷಯದಲ್ಲಿ ರಿಸರ್ವ್ ಬ್ಯಾಂಕಿನ 2021ರ ಆಗಸ್ಟ್ 18ರ ಸೂಚನೆಗಳನ್ನು ವಾಸ್ತುಶಿಲ್ಪಿಗೂ ಓದಲು ಕೊಡಿ. ಅವು 2022ರ ಜನವರಿ 1ರಿಂದ ಜಾರಿಯಲ್ಲಿವೆ. ಬೆಂಕಿ, ಕಳ್ಳತನ, ದರೋಡೆ, ಕಟ್ಟಡ ಕುಸಿತ, ಸಿಬ್ಬಂದಿಯ ವಂಚನೆ ಇಂಥವುಗಳಲ್ಲಿ ಬ್ಯಾಂಕಿನ ಹೊಣೆ ಲಾಕರಿನ ವಾರ್ಷಿಕ ಬಾಡಿಗೆಯ ನೂರು ಪಟ್ಟು. ಕಟ್ಟಡ ಕುಸಿತ ಎಂಬ ಮಾತು ಆ ಪಟ್ಟಿಯಲ್ಲಿ ಇದೆ, ಗಮನಿಸಿ. ಪ್ರವೇಶ ಮತ್ತು ನಿರ್ಗಮನದ ಸಿಸಿಟಿವಿ ದಾಖಲೆ ಕನಿಷ್ಠ 180 ದಿನ ಇರಬೇಕು. ಅದಕ್ಕೆ ಬೇಕಾದ ಸಂಗ್ರಹ ಸಾಮರ್ಥ್ಯ, ತಂಪು, ವಿದ್ಯುತ್ ಎಲ್ಲ ಈಗಲೇ ಎಣಿಕೆಗೆ ಬರಲಿ. ಕರೆನ್ಸಿ ಚೆಸ್ಟ್, ಅಂದರೆ ರಿಸರ್ವ್ ಬ್ಯಾಂಕಿನ ಪರವಾಗಿ ನೋಟು, ನಾಣ್ಯ ಕಾಪಿಡುವ ಖಜಾನೆ ಇಡುವ ಆಸೆ ಇದ್ದರೆ 2019ರ ನಿಯಮದಂತೆ ಹೊಸ ಚೆಸ್ಟಿನ ಭದ್ರತಾ ಕೊಠಡಿ ಕನಿಷ್ಠ 1,500 ಚದರ ಅಡಿ ಇರಬೇಕು. ಕಟ್ಟಿದ ಮೇಲೆ ಅಷ್ಟು ಜಾಗ ಹುಡುಕಲು ಆಗುವುದಿಲ್ಲ ಅಲ್ವಾ?

ಮಳೆಗಾಲದಲ್ಲಿ ಅಡವಿನ ಪತ್ರಗಳಿಗೆ ಬೂಸು ಹಿಡಿಯುವುದು ನಮ್ಮಲ್ಲಿ ದೊಡ್ಡ ತಲೆನೋವು. ದಾಖಲೆ ಕೊಠಡಿ ಮತ್ತು ಭದ್ರತಾ ಕೊಠಡಿಗೆ ತೇವಾಂಶ ಎಳೆಯುವ ಯಂತ್ರಕ್ಕೆ ಪ್ರತ್ಯೇಕ ಲೈನು ಕೊಡಿ. ಟ್ರಾನ್ಸ್‌ಫಾರ್ಮರ್, ಪ್ಯಾನೆಲ್, ಜನರೇಟರ್, ಯುಪಿಎಸ್ ಯಾವುದೂ ನೆರೆಯ ನೀರು ಬರುವ ಮಟ್ಟದಲ್ಲಿ ಇರಬಾರದು. ವಿದ್ಯುತ್ ಕಂಪನಿ ಹೆಸ್ಕಾಂ ಜೊತೆ ಜಾಗದ ಮಾತು ಬೇಗ ಮುಗಿಸಿ. ಸರ್ವರ್‌ನ ಪರ್ಯಾಯ ಕೇಂದ್ರ ಬೇರೆ ಭೂಕಂಪ ವಲಯದಲ್ಲಿ ಇದ್ದರೆ ಕ್ಷೇಮ. ಬೆಂಗಳೂರು 2ನೇ ವಲಯದಲ್ಲಿದೆ.

ಈಗ ಆ ನೀಲಿ ಗಾಜಿನ ಚಿತ್ರವನ್ನು ಹೊರಗೆ ತೆಗೆಯಬಹುದು. ಕಾರವಾರದ ಸಮುದ್ರ ಪಶ್ಚಿಮಕ್ಕೆ ಇದೆ. ಮಧ್ಯಾಹ್ನ ಎರಡರಿಂದ ಸಂಜೆಯವರೆಗೆ ಬಿಸಿಲು ಆ ಮುಖಕ್ಕೇ ಹೊಡೆಯುತ್ತದೆ. ಜೂನ್ ಬಂದರೆ ನೈಋತ್ಯದ ಗಾಳಿ ಮಳೆಯನ್ನು ಅಡ್ಡಡ್ಡ ತಂದು ಅದೇ ಮುಖಕ್ಕೆ ಬಡಿಯುತ್ತದೆ. ಪೂರ್ತಿ ಗಾಜು ಹಾಕಿದರೆ ಬೇಸಿಗೆಯಲ್ಲಿ ಎಸಿಯ ಬಿಲ್ಲು, ಮಳೆಗಾಲದಲ್ಲಿ ಬಕೆಟ್ಟು. ಇಂಧನ ಉಳಿತಾಯದ 2017ರ ಕಟ್ಟಡ ಸಂಹಿತೆ ಕೂಡ ಸರಳ ವಿಧಾನದಲ್ಲಿ ಹೊರಗೋಡೆಯ 40 ಶೇಕಡಕ್ಕಿಂತ ಹೆಚ್ಚು ಗಾಜು ಒಪ್ಪುವುದಿಲ್ಲ. ಪಶ್ಚಿಮಕ್ಕೆ ಮೆಟ್ಟಿಲು, ಲಿಫ್ಟು, ಶೌಚಾಲಯ, ದಾಖಲೆ ಕೊಠಡಿ ಇಡಿ. ಜನ ಕೂರುವ ಜಾಗ ಉತ್ತರ ಮತ್ತು ಪೂರ್ವಕ್ಕೆ ಬರಲಿ. ಕಿಟಕಿಗೆಲ್ಲ ಆಳವಾದ ಛಾವಣಿ ಚಾಚು ಕೊಡಿ. ಕಡಲು ನೋಡುವ ಆಸೆ ಇದ್ದೇ ಇರುತ್ತದೆ, ತಪ್ಪಲ್ಲ. ಸಭಾಂಗಣಕ್ಕೆ ಒಂದು ಪಡಸಾಲೆ ಮಾಡಿ ಅದರ ಹಿಂದೆ ಗಾಜು ಹಾಕಿ.

ಚಿರೇಕಲ್ಲನ್ನು ಹೊರಗೆ ಬರೀ ಮೈಯಲ್ಲಿ ಬಿಟ್ಟರೆ ನೀರು ಕುಡಿದು ಪಾಚಿ ಕಟ್ಟುತ್ತದೆ. ಚಾಚಿನ ಕೆಳಗೆ, ಒಳಾಂಗಣದಲ್ಲಿ ಬಳಸಿದರೆ ಅಷ್ಟು ಚೆಂದದ ಕಲ್ಲು ಇನ್ನೊಂದಿಲ್ಲ. ಹೊರಗಿನ ಸ್ಟೀಲು 316 ದರ್ಜೆಯದೇ ಆಗಲಿ. 304 ದರ್ಜೆಯದು ಕಡಲಗಾಳಿಗೆ ಚಹಾದ ಕಲೆಯ ಹಾಗೆ ಕಂದುಗಟ್ಟುತ್ತದೆ. ಎಸಿಯ ಹೊರ ಘಟಕಗಳಿಗೂ ತುಕ್ಕು ನಿರೋಧಕ ಲೇಪ ಕೇಳಿ.

ಛಾವಣಿಯ ನೀರಿನ ಲೆಕ್ಕ ನೀವೇ ಮಾಡಬಹುದು. 500 ಚದರ ಮೀಟರ್ ಛಾವಣಿಯ ಮೇಲೆ ಗಂಟೆಗೆ 100 ಮಿ.ಮೀ. ಮಳೆ ಬಿದ್ದರೆ ಆ ಒಂದು ಗಂಟೆಯಲ್ಲಿ 50,000 ಲೀಟರ್ ನೀರು ಕೆಳಗೆ ಇಳಿಯಬೇಕು. ವರ್ಷಕ್ಕೆ 3,000 ಮಿ.ಮೀ. ಹಿಡಿದರೆ 15 ಲಕ್ಷ ಲೀಟರ್. ಕೊಳವೆಗಳು ಇದಕ್ಕೆ ತಕ್ಕಂತೆ ಇರಲಿ, ಒಂದು ಕಟ್ಟಿಕೊಂಡರೂ ಇನ್ನೊಂದು ಹೊರುವಷ್ಟು. ಸ್ವಲ್ಪ ಭಾಗವನ್ನು ಟ್ಯಾಂಕಿಗೆ ತುಂಬಿಸಿ. ಬೇಸಿಗೆಯ ಸವಳು ನೀರಿನ ಕಾಲದಲ್ಲಿ ಶೌಚಾಲಯಕ್ಕೆ, ಗಿಡಕ್ಕೆ ಆಗುತ್ತದೆ.

ಜೋಯಿಡಾ, ಹಳಿಯಾಳದಿಂದ ಬಸ್ಸಿನಲ್ಲಿ ಬರುವ ವಯಸ್ಸಾದ ಸದಸ್ಯರನ್ನು ಮರೆಯಬೇಡಿ. ನೆಲಮಟ್ಟ ಎತ್ತರಿಸಿದ್ದೇವೆ, ಆದ್ದರಿಂದ ಇಳಿಜಾರು ದಾರಿ ಉದ್ದ ಬೇಕು. 12 ಅಡಿಗೆ ಒಂದು ಅಡಿ ಏರು, ಅದಕ್ಕಿಂತ ಕಡಿದು ಬೇಡ. ಅದರ ಮೇಲೆ ಮಾಡು ಇರಲಿ.

ಹಂತ 6: ಬೆಂಕಿ

ಎರಡು ಪ್ರತ್ಯೇಕ ಮೆಟ್ಟಿಲು, ಬೆಂಕಿ ತಡೆಯುವ ಬಾಗಿಲು, ಅಗ್ನಿಶಾಮಕರ ಲಿಫ್ಟು, ಮಹಡಿ ಮಹಡಿಗೂ ನೀರಿನ ಕೊಳವೆ, ಸ್ಪ್ರಿಂಕ್ಲರ್. ಇವು ನಿಯಮ ಕೇಳುವವು. ಕಟ್ಟಡದ ಸುತ್ತ 6 ಮೀಟರ್ ಅಗಲದ ದಾರಿ ಬಿಡಬೇಕು, ಅಗ್ನಿಶಾಮಕ ವಾಹನದ ಭಾರ ತಡೆಯುವಂತೆ. ಆಮೇಲೆ ಅಲ್ಲಿ ಬೈಕ್ ನಿಲ್ಲಿಸಲು ಶೆಡ್ ಕಟ್ಟಬೇಡಿ. ಊರಿನ ಅಗ್ನಿಶಾಮಕ ಠಾಣೆಗೆ ಹೋಗಿ ಅವರ ಏಣಿ ಎಷ್ಟು ಎತ್ತರ ಮುಟ್ಟುತ್ತದೆ ಎಂದು ಕೇಳಿ. ಅದರ ಮೇಲಿನ ಮಹಡಿಗಳಿಗೆ ಒಳಗಿನ ವ್ಯವಸ್ಥೆಯೇ ಗತಿ. ಸರ್ವರ್ ಮತ್ತು ದಾಖಲೆ ಕೊಠಡಿಗೆ ನೀರಿನ ಬದಲು ಅನಿಲದಿಂದ ಬೆಂಕಿ ಆರಿಸುವ ವ್ಯವಸ್ಥೆ ಕೇಳಿ.

ಹಂತ 7: ಕಾಂಕ್ರೀಟು

ಇಲ್ಲಿ ಸ್ವಲ್ಪ ಹೆಚ್ಚು ಹೊತ್ತು ನಿಲ್ಲೋಣ. ಉಳಿದದ್ದೆಲ್ಲ ಆಮೇಲೆ ಸರಿ ಮಾಡಬಹುದು, ಇದನ್ನು ಆಗುವುದಿಲ್ಲ.

ಕಾಂಕ್ರೀಟಿನ ಒಳಗೆ ಕ್ಷಾರ ಇರುವವರೆಗೆ ಸರಳಿನ ಮೇಲೆ ತೆಳುವಾದ ರಕ್ಷಣೆಯ ಪದರ ಇರುತ್ತದೆ. ಉಪ್ಪುಗಾಳಿಯ ಕ್ಲೋರೈಡ್ ರಂಧ್ರಗಳ ಮೂಲಕ ನಿಧಾನಕ್ಕೆ ಒಳಗೆ ಹೋಗಿ ಆ ಪದರ ಒಡೆಯುತ್ತದೆ. ತುಕ್ಕು ಕಬ್ಬಿಣಕ್ಕಿಂತ ಹಲವು ಪಟ್ಟು ಜಾಗ ಬೇಡುತ್ತದೆ. ಒಳಗಿಂದ ಒತ್ತಿ ಕಾಂಕ್ರೀಟನ್ನು ಸೀಳುತ್ತದೆ. ಕಡಲತೀರದ ಹಳೆ ಕಟ್ಟಡಗಳ ಕಂಬದ ಮೂಲೆಯಲ್ಲಿ ಉದ್ದಕ್ಕೆ ಬಿರುಕು, ಅದರಿಂದ ಇಳಿದ ಕೆಂಪು ಕಲೆ ನೋಡಿರುತ್ತೀರಿ. ಅದು ಇದೇ.

ಐಎಸ್ 456 ಕಡಲತೀರದ ವಾತಾವರಣವನ್ನು 'ತೀವ್ರ' ಎಂದು, ಸಮುದ್ರದ ತುಂತುರು ತಾಗುವ ಮೈಯನ್ನು 'ಅತಿ ತೀವ್ರ' ಎಂದು ಹಿಡಿಯುತ್ತದೆ. ತೀವ್ರ ಎಂದರೆ ಕನಿಷ್ಠ ಎಂ30 ಕಾಂಕ್ರೀಟು (ಅಂಕಿ ದೊಡ್ಡದಾದಷ್ಟು ಬಲ ಜಾಸ್ತಿ), ಘನ ಮೀಟರಿಗೆ ಕನಿಷ್ಠ 320 ಕಿಲೋ ಸಿಮೆಂಟು, ನೀರು ಮತ್ತು ಸಿಮೆಂಟಿನ ಅನುಪಾತ ಗರಿಷ್ಠ 0.45, ಸರಳಿನ ಹೊರಗೆ 45 ಮಿ.ಮೀ. ಹೊದಿಕೆ. ಅತಿ ತೀವ್ರಕ್ಕೆ ಎಂ35, 340 ಕಿಲೋ, 50 ಮಿ.ಮೀ. ನನ್ನನ್ನು ಕೇಳಿದರೆ ಇಡೀ ಕಟ್ಟಡಕ್ಕೆ ಎಂ35 ಹಿಡಿಯಿರಿ. ಎಂ35 ಬಳಸಿದರೆ ಹೊದಿಕೆಯಲ್ಲಿ 5 ಮಿ.ಮೀ. ಕಡಿಮೆ ಮಾಡಲು ಸಂಹಿತೆ ಅವಕಾಶ ಕೊಡುತ್ತದೆ. ಆ ರಿಯಾಯಿತಿ ತೆಗೆದುಕೊಳ್ಳಬೇಡಿ. ಹಾರುಬೂದಿ ಅಥವಾ ಸ್ಲ್ಯಾಗ್ (ಕಬ್ಬಿಣದ ಕುಲುಮೆಯ ಕಿಟ್ಟ) ಬೆರೆತ ಸಿಮೆಂಟು ಕ್ಲೋರೈಡ್ ತಡೆಯಲು ಒಳ್ಳೆಯದು. ಆದರೆ ಅದಕ್ಕೆ ಕ್ಯೂರಿಂಗ್, ಅಂದರೆ ನೀರು ಹಾಕಿ ತೇವ ಕಾಯುವುದು, ಜಾಸ್ತಿ ಬೇಕು. ಮಾಮೂಲಿ ಸಿಮೆಂಟಿಗೆ 7 ದಿನವಾದರೆ ಇದಕ್ಕೆ ಕನಿಷ್ಠ 10 ದಿನ.

ಹಾಳೆಯ ಮೇಲಿನ 45 ಮಿ.ಮೀ. ಸೈಟಿನಲ್ಲಿ ಎಷ್ಟಾಗುತ್ತದೆ ಎಂಬುದೇ ಪ್ರಶ್ನೆ. ಸ್ಲ್ಯಾಬು ಹಾಕುವ ಹಿಂದಿನ ಸಂಜೆ ನೀವೇ ಹೋಗಿ ಬಗ್ಗಿ ನೋಡಿ. ಸರಳಿನ ಕೆಳಗೆ ಏನಿದೆ? ಜಲ್ಲಿ ಚೂರೋ, ಒಡೆದ ಟೈಲ್ಸೋ ಸಿಕ್ಕಿಸಿದ್ದರೆ ಕೆಲಸ ನಿಲ್ಲಿಸಿ. ಅದೇ ದರ್ಜೆಯ ಕಾಂಕ್ರೀಟಿನಿಂದ ಅಚ್ಚು ಹಾಕಿದ ಕವರ್ ಬ್ಲಾಕುಗಳು ಇರಬೇಕು. ಬಣ್ಣದಿಂದ ಅಳತೆ ಬರೆದಿದ್ದರೆ ಇನ್ನೂ ಒಳ್ಳೆಯದು. ಟೇಪು ಹಿಡಿದು ಬೀಮಿನ ಬದಿಗಳನ್ನೂ ಅಳೆಯಿರಿ. ಕಟ್ಟುವ ತಂತಿಯ ತುದಿಗಳು ಹೊರಮುಖವಾಗಿ ಚಾಚಿದ್ದರೆ ಒಳಕ್ಕೆ ಬಗ್ಗಿಸಲು ಹೇಳಿ. ತುಕ್ಕು ಒಳಗೆ ಬರಲು ಆ ತುದಿಯೂ ದಾರಿಯೇ. ನಿರ್ದೇಶಕರೊಬ್ಬರು ಹೀಗೆ ಬಗ್ಗಿ ನೋಡುತ್ತಾರೆ ಎಂದು ಗೊತ್ತಾದರೆ ಮುಂದಿನ ಸ್ಲ್ಯಾಬಿನ ಕೆಲಸವೇ ಬೇರೆಯಾಗಿರುತ್ತದೆ.

ಹೊಳೆಯ ಅಳಿವೆ ಕಡೆಯ ಮರಳು ಬೇಡ, ಉಪ್ಪಿರುತ್ತದೆ. ಐಎಸ್ 383 ಪ್ರಕಾರದ ಎಂ-ಸ್ಯಾಂಡ್ (ಕಲ್ಲು ಪುಡಿ ಮಾಡಿ ತಯಾರಿಸಿದ ಮರಳು) ಪರೀಕ್ಷೆ ಮಾಡಿಸಿ ಬಳಸಿ. ಸರಳನ್ನು ಬಯಲಲ್ಲಿ ಸುಮ್ನೆ ಒಂದು ಮಳೆಗಾಲ ಬಿಟ್ಟರೆ ಉಪ್ಪಿನ ಜೊತೆ ತುಕ್ಕು ಹಿಡಿಯುತ್ತದೆ. ಹಲಗೆಯ ಮೇಲೆ ಎತ್ತಿಟ್ಟು ಮುಚ್ಚಿಡಿ. ಮುಂದೆ ಮಹಡಿ ಏರಿಸಬಹುದು ಎಂದು ಛಾವಣಿಯ ಮೇಲೆ ಕಂಬಿಗಳನ್ನು ಚಾಚಿ ಬಿಡುವ ಪದ್ಧತಿ ನಮ್ಮಲ್ಲಿದೆ. ಕಡಲ ಪಕ್ಕ ಇದು ಕೂಡದು. ಆ ಕಂಬಿಯ ತುಕ್ಕು ಕೆಳಗಿನ ಕಂಬದೊಳಕ್ಕೇ ಇಳಿಯುತ್ತದೆ. ಏರಿಸುವುದು ಖಚಿತವಾಗಿದ್ದರೆ ಕಪ್ಲರ್ (ಮುಂದೆ ಕಂಬಿ ಜೋಡಿಸುವ ತೋಳು) ಹಾಕಿ ಮುಚ್ಚಳ ಬಿಗಿದು, ಮೇಲೆ ತೆಳು ಕಾಂಕ್ರೀಟು ಹೊದಿಸಿ.

ಪರೀಕ್ಷೆಯ ಕ್ಯೂಬುಗಳನ್ನು ಬ್ಯಾಂಕಿನ ಎಂಜಿನಿಯರ್ ಕಣ್ಣೆದುರೇ ತುಂಬಿಸಿ, ಸಹಿ ಹಾಕಿ, 28 ದಿನಕ್ಕೆ ಒಡೆಸಿ. 50 ಘನ ಮೀಟರಿನ ಸುರಿತಕ್ಕೆ ನಾಲ್ಕು ಮಾದರಿ, ಒಂದೊಂದಕ್ಕೆ ಮೂರು ಕ್ಯೂಬು. ಬಲ ಮಾತ್ರ ಸಾಲದು, ಕ್ಲೋರೈಡ್ ಎಷ್ಟು ಒಳನುಗ್ಗುತ್ತದೆ ಎಂಬ ಪರೀಕ್ಷೆಯನ್ನೂ ಮಿಶ್ರಣ ಒಪ್ಪುವ ಮೊದಲು ಕೇಳಿ.

ಹಂತ 8: ಅನುಮತಿ, ಟೆಂಡರು

ನಗರಸಭೆ ಮತ್ತು ನಗರಾಭಿವೃದ್ಧಿ ಪ್ರಾಧಿಕಾರ, ಅಗ್ನಿಶಾಮಕ, ಕರಾವಳಿ ವಲಯ ಪ್ರಾಧಿಕಾರ, ಹೆದ್ದಾರಿ ಪಕ್ಕವಾದರೆ ಅವರದ್ದು, ಹೆಸ್ಕಾಂ, ಲಿಫ್ಟಿನ ಪರವಾನಗಿ. ಸಹಕಾರ ಇಲಾಖೆ ಮತ್ತು ರಿಸರ್ವ್ ಬ್ಯಾಂಕಿನ ಕಡೆಯದ್ದು ಬೇರೆ. ಒಂದು ಪಟ್ಟಿ ಮಾಡಿ, ಯಾವುದಕ್ಕೆ ಯಾವುದು ಮೊದಲು ಬೇಕು ಎಂದು ಬರೆದು, ಒಬ್ಬರನ್ನೇ ಹೊಣೆ ಮಾಡಿ.

ಟೆಂಡರಿನಲ್ಲಿ ಕವರ್ ಬ್ಲಾಕ್, ಕ್ಯೂರಿಂಗ್, ಸಿಹಿನೀರು, ಸರಳಿನ ಶೆಡ್, ಪರೀಕ್ಷೆ ಎಲ್ಲ ಪ್ರತ್ಯೇಕ ಬಾಬತ್ತಾಗಿ ಬರಲಿ. ದರದೊಳಗೆ ಸೇರಿದೆ ಎಂದರೆ ಮೊದಲು ಬಿಟ್ಟುಹೋಗುವುದು ಅವೇ. ಸೋರಿಕೆಯ ಹೊಣೆಯನ್ನು ತಿಂಗಳ ಬದಲು ಮಳೆಗಾಲದ ಲೆಕ್ಕದಲ್ಲಿ ಬರೆಸಿ, ಕನಿಷ್ಠ ಮೂರು ಮಳೆಗಾಲ. ತಡೆಹಿಡಿದ ಹಣದ ಕೊನೆಯ ಭಾಗ ಮೂರನೇ ಮಳೆಗಾಲ ಮುಗಿದ ಮೇಲೆ ಬಿಡುಗಡೆ ಆಗಲಿ.

ಹಂತ 9: ಕ್ಯಾಲೆಂಡರು

ನಮ್ಮ ಕಡೆ ಕೆಲಸದ ವರ್ಷ ಅಕ್ಟೋಬರಿನಲ್ಲಿ ಶುರು. ಮಣ್ಣಿನ ಪರೀಕ್ಷೆ ಒಂದು ಬೇಸಿಗೆಯಲ್ಲಿ, ನೀರಿನ ಮಟ್ಟದ ಅಳತೆ ಮತ್ತು ವಿನ್ಯಾಸ ಆ ಮಳೆಗಾಲದಲ್ಲಿ. ಅನುಮತಿಗಳು ಕೈಗೆ ಬಂದ ಮೇಲಿನ ಅಕ್ಟೋಬರಿನಲ್ಲಿ ಪೈಲಿಂಗ್ (ನೆಲದಾಳಕ್ಕೆ ಇಳಿಸುವ ಅಡಿಪಾಯದ ಕಂಬಗಳ ಕೆಲಸ) ಶುರು ಮಾಡಿ, ಮೇ ಮುಗಿಯುವ ಮೊದಲು ಅಡಿಪಾಯ ಮತ್ತು ನೆಲಮಟ್ಟದ ಕೆಲಸ ನೀರಿನಿಂದ ಮೇಲೆ ಬರಲೇಬೇಕು. ಅರ್ಧ ತೋಡಿದ ಗುಂಡಿಯ ಜೊತೆ ಜೂನ್ ಎದುರಿಸುವುದು ತುಂಬಾ ದುಬಾರಿ. ಎರಡನೇ ಬೇಸಿಗೆಯಲ್ಲಿ ಮೇಲಿನ ಮಹಡಿಗಳು. ಮೂರನೇ ಬೇಸಿಗೆಯಲ್ಲಿ ಹೊರಗೋಡೆ, ಕಿಟಕಿ. ಒಳಗಿನ ಕೆಲಸ ಮಳೆಗಾಲಕ್ಕೆ ಉಳಿಸಿ. ಚೌತಿಗೆ ಊರಿನ ಕೆಲಸಗಾರರು ಸಿಗುವುದಿಲ್ಲ, ಸಿಗಬೇಕು ಎಂದು ಬಯಸುವುದೂ ಸರಿಯಲ್ಲ. ಆ ದಿನಗಳನ್ನು ಮೊದಲೇ ಬಿಟ್ಟು ಲೆಕ್ಕ ಹಾಕಿ. ಜುಲೈ, ಆಗಸ್ಟ್‌ನಲ್ಲಿ ಅಣಶಿ, ಅರಬೈಲು, ದೇವಿಮನೆ ಘಟ್ಟಗಳಲ್ಲಿ ಗುಡ್ಡ ಜಾರಿ ಲಾರಿ ನಿಲ್ಲುವುದು ಹೊಸದಲ್ಲ. ಹಾಗೆಂದು ಸಿಮೆಂಟು ಜಾಸ್ತಿ ತುಂಬಿಸಿಡಲೂ ಆಗುವುದಿಲ್ಲ, ತೇವಕ್ಕೆ ಗಡ್ಡೆಯಾಗುತ್ತದೆ. ಉಕ್ಕು ಮತ್ತು ಟೈಲ್ಸ್ ಮೇ ಒಳಗೆ ತರಿಸಿ, ಸಿಮೆಂಟು ಬೇಕಾದಷ್ಟೇ.

ಹಂತ 10: ಒಳಗೆ ಹೋಗುವ ಮೊದಲು

ಕಿಟಕಿಗಳ ಒಂದು ಪೂರ್ಣ ಅಳತೆಯ ಮಾದರಿಯನ್ನು ಮೊದಲೇ ಪಶ್ಚಿಮದ ಗೋಡೆಗೆ ಕೂರಿಸಿ ಒಂದು ಜೂನ್ ಕಳೆಯಲು ಬಿಡಿ. ಪೈಪಿನಿಂದ ನೀರು ಹೊಡೆದು ನೋಡುವುದು ಸರಿಯೇ. ಆದರೆ ಗಾಳಿಯ ಜೊತೆ ಬರುವ ಮಳೆ ಕಂಡುಹಿಡಿಯುವ ಸಂದನ್ನು ಪೈಪು ಕಂಡುಹಿಡಿಯುವುದಿಲ್ಲ. ಸೋರಿದ ಕಡೆ ವಿವರ ಬದಲಿಸಿ, ಆಮೇಲೆ ಉಳಿದ ಕಿಟಕಿಗಳಿಗೆ ಆದೇಶ ಕೊಡಿ.

ಕಟ್ಟಡ ಮುಗಿದ ಮೇಲೆ ಲಾಕರ್ ಮತ್ತು ದಾಖಲೆಗಳನ್ನು ಒಂದು ಮಳೆಗಾಲ ನೋಡಿ, ಅಕ್ಟೋಬರಿನಲ್ಲಿ ಸ್ಥಳಾಂತರಿಸಿ. ಅಷ್ಟರಲ್ಲಿ ಜನರೇಟರ್ ಪೂರ್ಣ ಹೊರೆಯಲ್ಲಿ ಓಡಿರಬೇಕು, ಬೆಂಕಿಯ ಅಣಕು ಕವಾಯತು ಆಗಿರಬೇಕು, ಸ್ವಾಧೀನ ಪ್ರಮಾಣಪತ್ರ ಕೈಯಲ್ಲಿರಬೇಕು. ಗೋಡೆಯೊಳಗೆ ಹೋದ ಪ್ರತಿ ಪೈಪು, ವೈರಿನ ನಿಜವಾದ ನಕ್ಷೆಯನ್ನೂ ಕ್ಯೂಬ್ ವರದಿಗಳನ್ನೂ ಗುತ್ತಿಗೆದಾರರಿಂದ ಪಡೆದು ಕಡತ ಮಾಡಿ.

ನಿರ್ವಹಣೆಗೆ ವಾರ್ಷಿಕ ಬಜೆಟಿನಲ್ಲಿ ಒಂದು ಕಾಯಂ ಬಾಬತ್ತು ಇಡಿ. ಮೇ ತಿಂಗಳಲ್ಲಿ ಛಾವಣಿಯ ನೀರಿನ ದಾರಿ, ಕಿಟಕಿಯ ರಬ್ಬರು, ಮಿಂಚು ನಿರೋಧಕದ ಭೂಸಂಪರ್ಕ ನೋಡಬೇಕು. ಅಕ್ಟೋಬರಿನಲ್ಲಿ ಗಾಜು ಮತ್ತು ಸ್ಟೀಲಿನ ಮೇಲಿನ ಉಪ್ಪನ್ನು ಸಿಹಿನೀರಿನಿಂದ ತೊಳೆಯಬೇಕು. ಅದೇ ದಿನ ಪಶ್ಚಿಮದ ಕಂಬಗಳನ್ನು ಒಂದೊಂದಾಗಿ ನೋಡಿ, ಕೂದಲೆಳೆಯ ಬಿರುಕು ಕಂಡರೂ ಜಾಗ ಮತ್ತು ದಿನಾಂಕ ಬರೆದು ಫೋಟೋ ತೆಗೆದಿಡಿ. ಮುಂದಿನ ವರ್ಷ ಅದೇ ಬಿರುಕು ಉದ್ದವಾಗಿದ್ದರೆ ಬಣ್ಣ ಬಳಿಯುವವರನ್ನು ಕರೆಯಬೇಡಿ, ಸ್ಟ್ರಕ್ಚರಲ್ ಎಂಜಿನಿಯರನ್ನು ಕರೆಯಿರಿ.